ಬಟಾಣಿಯಷ್ಟು ಕೊಬ್ಬು, ಅರ್ಧ ಲೋಟ ಕಷಾಯ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ. ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಹೊಲಿಗೆ ಅಂಗಡಿ ಇದೆ. ಗಿರಾಕಿಗಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆಯುತ್ತಾರೆ. ಟೇಪು ನನ್ನ ಕೊರಳಲ್ಲಿ, ಅಳೆಯುವುದು ಅವರು! "ಕೂತೇ ಮಾಡೋ ಕೆಲ್ಸ ಅಲ್ದಾ, ಅದಕ್ಕೇ ಮೈ ಬಂದಿದ್ದು" ಎಂದು ಅವರೇ ಪ್ರಶ್ನೆ ಕೇಳಿ ಅವರೇ ಉತ್ತರ ಹೇಳಿ ಮುಗಿಸುತ್ತಾರೆ. ಕೂತು ಮಾಡುವ ಕೆಲಸವಂತೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಒಂದು ದಿನ ಪೆಡಲು ತುಳಿದು ನೋಡಲಿ, ಗೊತ್ತಾಗುತ್ತದೆ. ರಾತ್ರಿ ಹಾಸಿಗೆಯಲ್ಲಿ ಮಲಗಿದರೂ ನನ್ನ ಬಲಗಾಲು ತುಳಿಯುತ್ತಲೇ ಇರುತ್ತದೆ ಎಂದು ಮನೆಯವರು ದೂರುತ್ತಾರೆ.

ನಾನು ಹುಟ್ಟಿದ್ದು ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳಾದ ತಂಗಿಯನ್ನು ಯಲ್ಲಾಪುರದ ಕಡೆ ಇಡಗುಂದಿಗೆ ಕೊಟ್ಟಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಪಾತ್ರೆಯ ಅನ್ನ ಉಂಡವರು ನಾವು. ಅವಳು ಹತ್ತು ತೆಳ್ಳೇವು ದೋಸೆಯನ್ನು ಜೋನಿ ಬೆಲ್ಲದಲ್ಲಿ ಅದ್ದಿ ತಿಂದು ಬಾಯಿ ಒರೆಸಿಕೊಂಡು ಎದ್ದರೂ ಬೆತ್ತದ ಹಾಗೇ ಇರುತ್ತಿದ್ದಳು, ಈಗಲೂ ಹಾಗೇ ಇದ್ದಾಳೆ. ನಾನು ನಾಲ್ಕು ತಿಂದು ಐದನೆಯದಕ್ಕೆ ಬಾಳೆಲೆ ಮುಂದೆ ಮಾಡಿದರೆ ಆಯಿಯ, ನಮ್ಮಮ್ಮನ, ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಬಡಿಸುತ್ತಿದ್ದಳು, ಇಲ್ಲವೆಂದಲ್ಲ. ಆದರೆ ಕೈ ನಿಂತದ್ದು ನನಗೆ ಕಾಣುತ್ತಿತ್ತು. ಆ ಕೈ ನಿಂತದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಮಗಳು ಥೇಟ್ ನನ್ನ ಅಚ್ಚು. ಅದೇ ದುಂಡು ಮುಖ, ಅದೇ ತೋಳು, ಅದೇ ನಡಿಗೆ. ಈಗ ಅವಳಿಗೆ ಹದಿನೇಳು, ಇಲ್ಲೇ ಶಿರಸಿಯಲ್ಲಿ ಪಿಯುಸಿ ಎರಡನೇ ವರ್ಷ. ಮೊದಲ ವರ್ಷಕ್ಕೆ ಸೇರುವಾಗ ಕಾಲೇಜಿನ ಯೂನಿಫಾರ್ಮು ಚೂಡಿದಾರವನ್ನು ನಾನೇ ಹೊಲಿದಿದ್ದೆ. ಎರಡು ತಿಂಗಳು ಕಳೆದಿರಲಿಲ್ಲ, "ಆಯಿ, ಸಡ್ಲ ಆಗ್ತಾ ಇದ್ದು, ಹಿಡದು ಕೊಡು" ಎಂದು ತಂದಳು. ಅರ್ಧ ಇಂಚು ಹಿಡಿದೆ. ದಸರಾ ಹೊತ್ತಿಗೆ ಮತ್ತೆ ಬಂದಳು, ಇನ್ನೊಂದು ಇಂಚು ಹಿಡಿದೆ. ಆಗ ನಾನೇನು ಮಾಡಿದೆ ಗೊತ್ತೇ? ಹಿಗ್ಗಿದೆ. ಗಿರಾಕಿಗಳ ಎದುರು ಹೇಳಿಕೊಂಡು ತಿರುಗಿದೆ. ಅಂತೂ ನನ್ನ ಮಗಳಾದರೂ ತಪ್ಪಿಸಿಕೊಂಡಳು ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಎಂಥ ಹುಚ್ಚು ಹೆಂಗಸು ನಾನು!

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಬ್ಲೌಸಿರಲಿ ಚೂಡಿದಾರವಿರಲಿ, ಎರಡೂ ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಡುತ್ತೇವೆ. ನಾನು ಎರಡು ಇಂಚು ಬಿಡುವವಳು, ಹೆಚ್ಚಿನವರು ಒಂದೇ ಬಿಡುತ್ತಾರೆ. ಹೆಣ್ಣಿನ ಮೈ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ ಎಂಬುದು ನನಗೆ ಬೇರೆಯವರಿಂದ ಕಲಿಯಬೇಕಾದ ವಿಷಯವಲ್ಲ. ಮದುವೆಯಲ್ಲಿ ಒಂದು, ಬಾಣಂತನದಲ್ಲಿ ಒಂದು, ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಇನ್ನೊಂದು. ಒಳಗೆ ಬಟ್ಟೆ ಇದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಅದನ್ನು ಕತ್ತರಿಸುವ ದರ್ಜಿ ದರ್ಜಿಯೇ ಅಲ್ಲ ಎಂದು ನಾನು ಎಷ್ಟೋ ಜನರಿಗೆ ಪಾಠ ಹೇಳಿದ್ದೇನೆ.

ದೀಪಾವಳಿ ಮುಗಿದ ಮೇಲೆ ಮಗಳು ಮೂರನೇ ಸಲ ಬಂದಳು. "ಒಳಗಿಂದು ಕತ್ತರಿಸಿ ತೆಗಿ ಆಯಿ. ದಪ್ಪ ಮಡಿಕೆ ಬಂದು ಚುಚ್ಚುತ್ತು. ಇನ್ನು ಅದು ಬೇಕಾಗ್ತಿಲ್ಲೆ" ಎಂದಳು. ನಾನು ಕತ್ತರಿ ಹಿಡಿದೆ. ಒಂದು ಗಳಿಗೆ ಕೈ ನಿಂತಿತು. ಆಮೇಲೆ ಕತ್ತರಿಸಿದೆ. ಎರಡು ಪಟ್ಟಿ ಬಟ್ಟೆ ನೆಲಕ್ಕೆ ಬಿದ್ದವು, ಗುಡಿಸಿ ಚಿಂದಿ ಚೀಲಕ್ಕೆ ಹಾಕಿದೆ.

ಅಂಗಡಿಯಲ್ಲಿ ನನ್ನ ಜೊತೆ ಕಾಜಾ, ಹುಕ್ಕು, ಅಂಚು ಮಡಿಸುವ ಕೆಲಸ ನೋಡಿಕೊಳ್ಳುವವಳು ಪಕ್ಕದ ಮೊಹಲ್ಲಾದ ಒಬ್ಬ ಹೆಂಗಸು. ಹದಿನಾಲ್ಕು ವರ್ಷದ ಜೊತೆ. ನಾನು ಪಟ್ಟಿ ಗುಡಿಸಿದ್ದನ್ನು ಅವತ್ತು ಅವಳು ನೋಡಿದ್ದಳು. ಸೂಜಿ ಕೆಳಗಿಟ್ಟು, "ಅಕ್ಕಾ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಬೇಡ್ರಿ. ನಿಮ್ಮ ಮಗಳು ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ರ ಡಬ್ಬಿ ಬಿಚ್ಚಿ ದನಕ್ಕೆ ಹಾಕ್ತಾಳೆ. ಮೂರು ದಿನ ನೋಡಿದೆ, ಆಮೇಲೇ ಹೇಳ್ತಿರೋದು" ಎಂದಳು.

ಮರುದಿನ ನಾನೇ ಹೋಗಿ ಹಣ್ಣಿನ ಗಾಡಿಯ ಹಿಂದೆ ನಿಂತು ನೋಡಿದೆ. ಆ ದನ ಮಗಳನ್ನು ದೂರದಿಂದಲೇ ಗುರುತು ಹಿಡಿದು ಓಡಿ ಬಂತು. ನಾನು ಐದೂವರೆಗೆ ಎದ್ದು ಮಾಡಿದ ಚಪಾತಿ, ಪಲ್ಯ, ಮೊಸರನ್ನ, ಎಲ್ಲ ಅದರ ಬಾಯಿಗೆ ಹೋಯಿತು. ನನ್ನ ಕೈಯಡುಗೆ ತಿಂದು ಆ ದನ ಚೆನ್ನಾಗಿ ಮೈ ತುಂಬಿಕೊಂಡಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅಲ್ಲೇ ನಿಂತಿದ್ದೆ. ಅದೇ ವಾರ ಕಾಲೇಜಿನಿಂದ ಫೋನು ಬಂತು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದು ಬಿದ್ದಳಂತೆ.

ಊರಿನ ಡಾಕ್ಟರು ರಕ್ತ ನೋಡಿದರು, ತೂಕ ನೋಡಿದರು, ತಿಂಗಳ ಮುಟ್ಟು ನಿಂತು ಎಷ್ಟು ದಿನವಾಯಿತೆಂದು ಕೇಳಿದರು. ನಾಲ್ಕು ತಿಂಗಳು ಎಂದಳು ಮಗಳು. ನನಗೆ ಗೊತ್ತೇ ಇರಲಿಲ್ಲ. "ಇದು ಹಟ ಅಲ್ಲ, ಕಾಯಿಲೆ. ಬೈದರೆ ಹೆಚ್ಚಾಗ್ತದೆ. ವಾರ ವಾರ ಕರೆದುಕೊಂಡು ಬನ್ನಿ" ಎಂದರು ಅವರು. ಬೈಯಬೇಡಿ ಎಂದು ಹೇಳಿದ್ದು ಯಾರಿಗೆ, ನನಗೆ! ಮನೆ ಬಾಗಿಲು ದಾಟುವ ಮೊದಲೇ ಶುರು ಮಾಡಿದೆ. ದನಕ್ಕೆ ಹಾಕುವುದಕ್ಕೆ ನಾನು ಬೆಳಗ್ಗೆ ಎದ್ದು ಸಾಯಬೇಕಾ, ಎಂತಕ್ಕೆ ಹೀಗೆ ಮಾಡ್ತೆ, ಯಾರು ಎಂತ ಹೇಳಿದ್ದ ನಿಂಗೆ ಎಂದು ಒಂದೇ ಉಸಿರಿಗೆ ಕೂಗಿದೆ. ಅವಳು ಕೂಗಲಿಲ್ಲ.

"ಯಂಗೆ ನಿನ್ನಂಗೆ ಅಪ್ಪದು ಬ್ಯಾಡ ಆಯಿ" ಎಂದಳು.

ಅಷ್ಟೇ ಮಾತು. ನನ್ನ ಹಾಗೆ ಆಗುವುದು ಬೇಡವಂತೆ. ನಲವತ್ತೆಂಟು ವರ್ಷ ಊರೆಲ್ಲ ಅಂದಾಗ ಆಗದ ನೋವು ಅವತ್ತು ಆಯಿತು. ಆಮೇಲೆ ಎಷ್ಟೋ ದಿನ ನಾನು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಸುಮ್ಮನೆ ತಿರುಗಾಡಿದೆ. ನಾನು ತಿಂದು ತಿಂದು ಹೀಗಾದವಳಲ್ಲ ಎಂದು ಇವಳಿಗೆ ಯಾರಾದರೂ ಹೇಳಬೇಕು. ನಾನು ಹೇಳಿದರೆ ನಂಬುವುದಿಲ್ಲ. ದೊಡ್ಡವರು, ಓದಿದವರು, ಕಾಗದದಲ್ಲಿ ಬರೆದು ಕೊಡಬೇಕು. ತನ್ನ ಮೈ ತನ್ನ ತಪ್ಪಲ್ಲ ಎಂದು ತಿಳಿದರೆ ಇವಳು ಊಟಕ್ಕೆ ಕೂರುತ್ತಾಳೆ. ಈ ಲೆಕ್ಕಾಚಾರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಂಥ ಹೊತ್ತಿಗೆ ಬ್ಲೌಸು ಹೊಲಿಸಲು ಬಂದ ನರ್ಸೊಬ್ಬಳು ಸುದ್ದಿ ಹೇಳಿದಳು. ಹುಬ್ಬಳ್ಳಿ ಕಡೆಯಿಂದ ಸಂಶೋಧನೆಯವರು ಬರುತ್ತಿದ್ದಾರಂತೆ. ಒಡಹುಟ್ಟಿದವರಲ್ಲಿ ಒಬ್ಬರು ದಪ್ಪ, ಒಬ್ಬರು ತೆಳ್ಳಗೆ ಇರುವ ಜೋಡಿಗಳು ಬೇಕಂತೆ. ಹೊಕ್ಕುಳ ಪಕ್ಕದಲ್ಲಿ ಮರಗಟ್ಟಿಸಿ, ಸೂಜಿ ಹಾಕಿ, ಬಟಾಣಿ ಕಾಳಿನಷ್ಟು ಕೊಬ್ಬು ತೆಗೆದು, ಅದರೊಳಗಿನ ಜೀನುಗಳು ಏನು ಮಾಡುತ್ತಿವೆ ಎಂದು ನೋಡುತ್ತಾರಂತೆ. ನಾನು ಅವಳ ಅಳತೆ ತೆಗೆಯುವುದನ್ನು ಅರ್ಧಕ್ಕೇ ಬಿಟ್ಟು ಇಡಗುಂದಿಗೆ ಫೋನು ಹಚ್ಚಿದೆ.

"ಹೊಟ್ಟೆಗೆ ಸೂಜಿಯ? ಎಂತ ಮರುಳನೇ ನಿಂಗೆ?" ಎಂದಳು ತಂಗಿ. ಮಗಳ ವಿಷಯ ಹೇಳಿದೆ. ಯಾವತ್ತು ಬರಬೇಕೆಂದು ಕೇಳಿದಳು. ಆಮೇಲೆ, "ಆತು, ಬತ್ತೆ. ಯನ್ನ ಹೊಟ್ಟೇಲಿ ಕೊಬ್ಬು ಸಿಕ್ಕಿದ್ರೆ ತೆಕ್ಕಳ್ಳಿ" ಎಂದಳು.

ಸಂಶೋಧನೆಯವರ ಶಿಬಿರ ಇದ್ದದ್ದು ಭಾನುವಾರ, ಊರಿನ ಆಸ್ಪತ್ರೆಯಲ್ಲಿ. ಹಿಂದಿನ ದಿನವೇ ತಂಗಿ ಬಂದು ಉಳಿದಳು. ರಾತ್ರಿ ಊಟದ ನಂತರ ಬೆಳಗ್ಗೆ ಸೂಜಿ ಹಾಕುವ ತನಕ ನೀರು ಬಿಟ್ಟು ಮತ್ತೇನೂ ಹೊಟ್ಟೆಗೆ ಹೋಗಬಾರದೆಂದು ನರ್ಸು ಸಾರಿ ಸಾರಿ ಹೇಳಿದ್ದಳು. ಚಾ ಇಲ್ಲದೆ ಕಣ್ಣು ಬಿಡದ ತಂಗಿ ಬೆಳಗ್ಗೆ ಎದ್ದು ಚಾ ಡಬ್ಬಿಯನ್ನು ದುರುಗುಟ್ಟಿ ನೋಡುತ್ತ ಕೂತಿದ್ದಳು. ನಾನು ಸ್ನಾನ ಮಾಡಿದೆ, ದೀಪ ಹಚ್ಚಿದೆ, ಅಂಗಳ ಗುಡಿಸಿದೆ, ಏನೇನೋ ಮಾಡಿದೆ, ಮೈಯಲ್ಲಿ ನೆಲೆಯೇ ಇರಲಿಲ್ಲ. ಆ ಗಡಿಬಿಡಿಯಲ್ಲೇ ದಿನದ ಹಾಗೆ ಒಲೆ ಮೇಲೆ ಕಷಾಯ ಕುದಿಸಿ, ಬೆಲ್ಲ ಹಾಲು ಹಾಕಿ, ಅರ್ಧ ಲೋಟ ಕುಡಿದೆ.

ಇದನ್ನು ಓದುವವರು ಬೇರೆ ಸೀಮೆಯವರಾದರೆ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಕಷಾಯ ಲೆಕ್ಕಕ್ಕೇ ಇಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಯ ಆ ಬಿಸಿನೀರನ್ನು ಹಲ್ಲು ತಿಕ್ಕಿದ ಮೇಲೆ ಬಾಯಿ ಮುಕ್ಕಳಿಸಿದಷ್ಟೇ ಸಹಜವಾಗಿ ಕುಡಿಯುತ್ತೇವೆ. ಆಯಿ ಏಕಾದಶಿ ದಿನವೂ ಕುಡಿಯುತ್ತಿದ್ದಳು, ಕುಡಿದು "ಬೆಳಗಿಂದ ಎಂತದೂ ಹೊಟ್ಟೆಗೆ ಹೋಯ್ದಿಲ್ಲೆ" ಎನ್ನುತ್ತಿದ್ದಳು. ಅದು ಸುಳ್ಳೆಂದು ಅವಳಿಗೂ ಅನಿಸಿರಲಿಲ್ಲ, ಕೇಳಿದ ನಮಗೂ ಅನಿಸಿರಲಿಲ್ಲ.

ಮಗಳನ್ನೂ ಜೊತೆಗೆ ಕರೆದುಕೊಂಡು ಹೋದೆ, ಅವಳ ಕಿವಿಗೆ ಬೀಳಲಿ ಎಂದೇ. ಆಸ್ಪತ್ರೆಯ ಒಂದು ಕೋಣೆಯಲ್ಲಿ ಮಂಚ, ಪರದೆ, ಮಂಜಿನಂಥ ತಣ್ಣನೆ ಹೊಗೆಯಾಡುವ ಒಂದು ಡ್ರಮ್ಮು. ಡಾಕ್ಟರಮ್ಮ ಮೂವತ್ತೂ ದಾಟಿರದ ಹುಡುಗಿ, ಧಾರವಾಡದ ಮಾತು. "ಬರ್ರಿ ಅಕ್ಕಾರ, ಕೂಡ್ರಿ. ಮುಂಜಾನಿಂದ ಏನರ ತಿಂದೀರೇನು? ಚಾ ಕುಡದೀರೇನು?" ಎಂದು ಕೇಳಿದಳು.

"ಇಲ್ಲ, ಏನೂ ಇಲ್ಲ" ಎಂದೆ. ದೇವರಾಣೆ, ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಸೂಜಿ ಅಷ್ಟೇನೂ ನೋಯಲಿಲ್ಲ. ಹಳದಿ ಬಣ್ಣದ, ಜೋಳದ ಕಾಳು ಜಜ್ಜಿದ ಹಾಗಿನ ಒಂದು ಚೂರು ಹೊರಗೆ ಬಂತು. ನಲವತ್ತೆಂಟು ವರ್ಷ ನಾನು ಊರವರಿಂದ ಅನ್ನಿಸಿಕೊಳ್ಳುವಂತೆ ಮಾಡಿದ್ದು ಇದೇನಾ ಎಂದು ದಿಟ್ಟಿಸಿದೆ. ಡಾಕ್ಟರಮ್ಮ ಒಂದು ಕ್ಷಣವೂ ತಡಮಾಡದೆ ಅದನ್ನು ಪುಟ್ಟ ಕೊಳವೆಗೆ ಹಾಕಿ ಹೊಗೆಯ ಡ್ರಮ್ಮಿಗೆ ಇಳಿಸಿದಳು. ಎಂತಕ್ಕೆ ಇಷ್ಟು ಅವಸರ ಎಂದು ಕೇಳಿದೆ.

"ಜೀನು ಕೆಲಸ ಮಾಡೋ ಗುರುತು ಭಾಳ ಹೊತ್ತು ಉಳಿಯಂಗಿಲ್ರಿ" ಎಂದು ಅವಳು ಗಾಯಕ್ಕೆ ಪಟ್ಟಿ ಹಚ್ಚುತ್ತ ವಿವರಿಸಿದಳು. "ನೋಡ್ರಿ, ನಿಮ್ಮ ಕಣ್ಣಾಗೂ ಅವೇ ಜೀನು, ಕೊಬ್ಬಿನಾಗೂ ಅವೇ ಜೀನು. ಆದ್ರ ಎಲ್ಲಾವೂ ಒಮ್ಮೆಗೇ ಎದ್ದು ಕೂಡಂಗಿಲ್ಲ. ಕೊಬ್ಬಿನಾಗ ಯಾವುದು ಎದ್ದದ, ಯಾವುದು ಮಲಗೇದ, ಯಾವುದು ಎಷ್ಟು ಜೋರು ಕೆಲಸ ನಡಿಸ್ಯದ, ಅಷ್ಟನ್ನ ನಾವು ನೋಡೋದು. ಮಂದಿ ಕೊಬ್ಬು ಅಂದ್ರ ಸುಮ್ನ ಕುಂತ ಗಂಟು ಅಂತ ತಿಳೀತಾರ. ಅದು ಒಂದು ಗಳಿಗಿ ಸುಮ್ನ ಕೂಡಂಗಿಲ್ರಿ. ಹೊಟ್ಟಿ ತುಂಬೇದೋ ಹಸದೇದೋ ಅಂತ ಮಿದುಳಿಗೆ ಸುದ್ದಿ ಕಳಸೋದೂ ಅದರ ಕೆಲಸ."

ಸುಮ್ಮನೆ ಕೂರುವುದಿಲ್ಲವಂತೆ! ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಕೊಬ್ಬೂ ನನ್ನ ಹಾಗೇ. ಬೆಂಚಿನ ಮೇಲೆ ಕೂತಿದ್ದ ಮಗಳ ಕಡೆ ತಿರುಗಿ ಕೇಳಿದ್ಯಾ ಎನ್ನುವಂತೆ ಹುಬ್ಬು ಹಾರಿಸಿದೆ. ಆಮೇಲೆ ಬಂದ ಕೆಲಸಕ್ಕೇ ಕೈ ಹಾಕಿದೆ. "ಹಾಗಾದ್ರೆ ನಾನು ದಪ್ಪ ಆಗಿದ್ದು ನನ್ನ ತಪ್ಪಲ್ಲ ಅಲ್ವಾ ಡಾಕ್ಟ್ರೇ? ಅದನ್ನ ಒಂದು ಕಾಗದದಲ್ಲಿ ಬರೆದು ಕೊಡ್ತೀರಾ?"

ಅವಳು ಕೈಗವಸು ತೆಗೆದು ಬುಟ್ಟಿಗೆ ಹಾಕಿದಳು. "ಹಂಗ ಹೇಳಾಕ ಬರಂಗಿಲ್ಲ ಅಕ್ಕಾರ. ದಪ್ಪ ಇದ್ದವರ ಕೊಬ್ಬಿನಾಗ ಉರಿಯೂತದ ಜೀನು ಹೆಚ್ಚು ಎದ್ದಿರ್ತಾವು, ಕೊಬ್ಬು ಸುಡೋ ಕೆಲಸದವು ಮಂದ ಇರ್ತಾವು. ಅದು ಖರೆ. ಆದ್ರ ಜೀನು ಹಂಗ ನಡದಿದ್ದಕ್ಕ ಮೈ ದಪ್ಪ ಆತೋ, ಮೈ ದಪ್ಪ ಆಗಿದ್ದಕ್ಕ ಜೀನು ಹಂಗ ನಡದಾವೋ, ಈ ಒಂದು ಚೂರು ನೋಡಿ ಗೊತ್ತಾಗಂಗಿಲ್ಲ. ಎರಡೂ ಇರಬಹುದು. ತಪ್ಪು ಅನ್ನೋದು ನಮ್ಮ ಮಷೀನಿಗೆ ಕಾಣಂಗಿಲ್ರಿ."

ನನ್ನ ಮುಖ ಇಳಿದದ್ದು ಕಂಡಿರಬೇಕು. ತನ್ನ ನಂಬರು ಕೊಟ್ಟು, ಅಕ್ಕ ತಂಗಿ ನಿಮ್ಮಿಬ್ಬರ ನಡುವೆ ಏನು ವ್ಯತ್ಯಾಸ ಬಂತೆಂದು ಮುಂದೆ ಫೋನು ಮಾಡಿ ಬಾಯಿಮಾತಿನಲ್ಲಾದರೂ ಹೇಳುತ್ತೇನೆ ಎಂದಳು. ಇನ್ನೊಂದು ವಿಷಯವನ್ನೂ ಹೇಳಿದಳು. ತೂಕ ಇಳಿಸಿದವರ ಕೊಬ್ಬನ್ನು ನೋಡಿದರೆ ಅನೇಕ ಜೀನುಗಳು ಸರಿಹೋಗಿರುತ್ತವಂತೆ, ಕೆಲವು ಮಾತ್ರ ಹಳೆಯ ಚಾಳಿ ಬಿಡದೆ ಹಾಗೇ ನಡೆಯುತ್ತಿರುತ್ತವಂತೆ. ಇದು ನನಗೆ ತಕ್ಷಣ ಅರ್ಥವಾಯಿತು. ಬಟ್ಟೆಯ ಹೊಲಿಗೆ ಬಿಚ್ಚಿ ಇಸ್ತ್ರಿ ಮಾಡಿದರೂ ಸೂಜಿ ತೂತಿನ ಸಾಲು ಉಳಿದೇ ಇರುತ್ತದೆ. ದಿನಾ ನೋಡುತ್ತೇನಲ್ಲ.

ಆಮೇಲೆ ತಂಗಿ ಮಂಚ ಹತ್ತಿದಳು. ಅವಳ ಹೊಟ್ಟೆಯಲ್ಲಿ ಕೊಬ್ಬು ಹುಡುಕುವುದೇ ದೊಡ್ಡ ಕೆಲಸವಾಯಿತು. ಚಾ ಕುಡಿಯದ ಸಿಟ್ಟಿನಲ್ಲಿ ಅವಳು, "ಒಂದು ಗುಟುಕು ಚಾ ಕುಡಿದಿದ್ರೆ ಎಂತ ಮಹಾ ಆಗ್ತಿತ್ತು?" ಎಂದು ಕೇಳಿದಳು.

"ಏನಂತೀರಿ ಅಕ್ಕಾರ! ಒಂದು ಚೂರು ಬೆಲ್ಲ, ಎರಡು ಗುಟುಕು ಹಾಲು ಒಳಗ ಹೋದ್ರೂ ಸಾಕು, ರಕ್ತದಾಗ ಇನ್ಸುಲಿನ್ ಏರ್ತದ, ಕೊಬ್ಬಿನಾಗಿನ ಜೀನು ಬ್ಯಾರೆ ಕೆಲಸಕ್ಕ ಹತ್ತತಾವು. ಆಮ್ಯಾಲೆ ನಾವು ನೋಡೋದು ನಿಮ್ಮ ಮೈಯನ್ನಲ್ಲ, ನಿಮ್ಮ ನಾಷ್ಟಾನ" ಎಂದು ಡಾಕ್ಟರಮ್ಮ ನಕ್ಕಳು.

ಬೆಲ್ಲ. ಹಾಲು. ಬೆಳಗಿನ ಅರ್ಧ ಲೋಟ ಕಷಾಯ ಆಗ ನೆನಪಾಯಿತು. ತಲೆಯೆತ್ತಿದರೆ ಮಗಳು ನನ್ನನ್ನೇ ನೋಡುತ್ತಿದ್ದಳು. ಬೆಳಗ್ಗೆ ನಾನು ಲೋಟ ತೊಳೆದಿಡುವಾಗ ಅವಳು ಅಡುಗೆಮನೆಯ ಬಾಗಿಲಲ್ಲೇ ಇದ್ದಳು. ಈಗಲಾದರೂ ಹೇಳಬಹುದಿತ್ತು. ಹೇಳಿದರೆ ನನ್ನ ಕೊಳವೆ ಕಸದ ಬುಟ್ಟಿಗೆ, ಮಗಳಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ನಾನು ಸೀರೆ ಸರಿಮಾಡಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿ ನಿಂತೆ.

ಆಮೇಲಿನ ಐದು ವಾರ ಹೇಗೆ ಕಳೆದೆನೋ ನನಗೇ ಗೊತ್ತು. ಹೊಲಿದದ್ದನ್ನು ಬಿಚ್ಚಿದೆ, ಬಿಚ್ಚಿದ್ದನ್ನು ಹೊಲಿದೆ. ಮನ್ಮನೆ ಊರಿನ ಗಿರಾಕಿಯೊಬ್ಬಳ ಬ್ಲೌಸಿಗೆ ಎರಡೂ ಎಡಗೈ ತೋಳು ಹಚ್ಚಿಟ್ಟಿದ್ದೆ. ಜೊತೆಗಾರ್ತಿ ಅದನ್ನು ಎತ್ತಿ ಹಿಡಿದು, "ಅಕ್ಕಾ, ಇದನ್ನ ತೊಡೋರು ಎಲ್ಲಿ ಸಿಗ್ತಾರೆ?" ಎಂದು ನಕ್ಕಳು. ವಾರ ವಾರ ಮಗಳನ್ನು ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ತೂಕದ ಮುಳ್ಳು ನಿಂತಲ್ಲೇ ನಿಂತಿತ್ತು. "ಊಟ ಆತಾ?" ಎಂದರೆ "ಆತು" ಎನ್ನುತ್ತಿದ್ದಳು. ಡಬ್ಬಿ ಖಾಲಿ ಇರುತ್ತಿತ್ತು. ಆ ದನವನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಮಗಳು ಅಂಗಡಿಗೆ ಬಂದು ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದಳು. ಜೊತೆಗಾರ್ತಿ ಆಗಲೇ ಮನೆಗೆ ಹೋಗಿದ್ದಳು. ನನಗೆ ತಡೆಯಲಾಗಲಿಲ್ಲ, ಮತ್ತೆ ಅದೇ ರಾಗ ಶುರುಮಾಡಿದೆ. "ನೋಡು ಕೂಸೆ, ಆ ಸೂಜಿ ಡಾಕ್ಟ್ರು ಫೋನು ಮಾಡ್ತ. ಯನ್ನ ಕೊಬ್ಬಿನ ಜೀನೇ ಹಂಗಿದ್ದು ಹೇಳಿ ಗೊತ್ತಾಗ್ತು. ನಿಂದೂ ಹಂಗೇ ಇಕ್ಕು. ನಂಗಳ ತಪ್ಪೇ ಅಲ್ಲ ಅದು. ಅದಕ್ಕೆ ನೀ ಹೊಟ್ಟೆ ತುಂಬ ಉಣ್ಣು."

"ಆಯಿ, ನೀ ಅವತ್ತು ಕಷಾಯ ಕುಡದಿದ್ದೆ" ಎಂದಳು.

ಪೆಡಲಿನ ಮೇಲೆ ನನ್ನ ಕಾಲು ನಿಂತಿತು.

"ಅದು ಮರ್ತು ಕುಡದಿದ್ದು."

"ಕುಡದಿದ್ದು ಮರ್ತು. ಹೇಳದೇ ಇದ್ದಿದ್ದು ಮರ್ತಲ್ಲ. ಆನು ನೋಡಿದ್ದೆ, ನೀ ಕಿಟಕಿ ಬದಿಗೆ ತಿರಗಿದೆ." ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಅವಳು ಬೆರಳಲ್ಲಿ ಮುರಿದಳು. "ನೀನೂ ತಿಂದು ತಿಂದಿದ್ನಿಲ್ಲೆ ಹೇಳ್ತೆ, ಆನು ತಿನ್ನದೇ ತಿಂದೆ ಹೇಳ್ತೆ. ಯಂಗೆ ಮಾತ್ರ ಎಂತಕ್ಕೆ ಬೈಗಳು?"

ಸಿಟ್ಟು ಬಂತು, ಬಂದದ್ದು ಹಾಗೇ ಇಳಿದೂ ಹೋಯಿತು. ಆಮೇಲೆ ಉಳಿದದ್ದು ನಾಚಿಕೆ ಮಾತ್ರ. ನಾನು ಇವಳಿಗಾಗಿ ಒಂದು ಸತ್ಯ ತರಲು ಹೋಗಿ ಸುಳ್ಳನ್ನು ಕೊಳವೆಯಲ್ಲಿ ತುಂಬಿಸಿ ಕೊಟ್ಟು ಬಂದಿದ್ದೆ. ಫೋನು ತೆಗೆದು, ಸ್ಪೀಕರ್ ಹಾಕಿ, ಮೇಜಿನ ಮೇಲೆ ಅವಳ ಎದುರಿಗೇ ಇಟ್ಟು ಡಾಕ್ಟರಮ್ಮನಿಗೆ ಹಚ್ಚಿದೆ.

"ಹೇಳ್ರಿ ಅಕ್ಕಾರ. ನಿಮ್ಮ ಜೋಡಿದು ಮುಂದಿನ ವಾರ ಮಷೀನಿಗೆ ಹೋಗೂದದ" ಎಂದಳು ಅವಳು.

"ಹಾಕ್ಬೇಡಿ. ಅವತ್ತು ಬೆಳಿಗ್ಗೆ ನಾನು ಕಷಾಯ ಕುಡಿದಿದ್ದೆ. ಬೆಲ್ಲ, ಹಾಲು ಹಾಕಿದ್ದು. ಮೊದಲು ನೀವು ಕೇಳಿದಾಗ ನೆನಪಿರಲಿಲ್ಲ. ಆಮೇಲೆ ನೆನಪಾಯ್ತು. ಆದರೂ ಹೇಳಲಿಲ್ಲ."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. "ಹಂಗಾದ್ರ ನಿಮ್ಮದು ಬಿಡಬೇಕಾಗ್ತದರಿ. ಜೋಡಿ ಮುರೀತು ಅಂದ್ರ ನಿಮ್ಮ ತಂಗೀದೂ ಬಿಡಬೇಕು." ಆಮೇಲೆ, "ಹೇಳಿದ್ದು ಛಲೋ ಆತ್ರಿ. ಹೇಳದಿದ್ರ ಉಳಿದವರ ಲೆಕ್ಕಾನೂ ಕೆಡ್ತಿತ್ತು" ಎಂದಳು. ನನಗೇನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತಂಗಿಗೂ ಆಗಲೇ ಹೇಳಿ ಮುಗಿಸಿದೆ. "ಅಯ್ಯೋ ನಿನ್ನ ಕಷಾಯಕ್ಕೆ ಬೆಂಕಿ ಹಾಕ! ಯನ್ನ ಹೊಟ್ಟೆಗೆ ತೂತು ಮಾಡ್ಸಿ ದಂಡ ಮಾಡಿದ್ಯಲ್ಲೇ ಅಕ್ಕ, ಆ ದಿನದ ಚಾನಾದ್ರೂ ವಾಪಸ್ ಕೊಡು" ಎಂದು ಅವಳು ಕೂಗಿದ್ದು ಓಣಿಯ ತುದಿಗೂ ಕೇಳಿಸಿರಬೇಕು. ಮಗಳ ತುಟಿ ತುಸು ಅರಳಿತು. ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ.

ಫೋನು ಇಟ್ಟ ಮೇಲೆ ನನ್ನ ಕೈ ಬರಿದಾಗಿತ್ತು. ಕಾಗದವೂ ಇಲ್ಲ, ಬಾಯಿಮಾತೂ ಇಲ್ಲ. ಕೊರಳಿನ ಟೇಪು ತೆಗೆದು ಅವಳ ಕೈಗೆ ಕೊಟ್ಟೆ. "ಅಳೆ ಯನ್ನ" ಎಂದೆ. ಇಪ್ಪತ್ತೆರಡು ವರ್ಷದಿಂದ ಊರಿನ ಹೆಂಗಸರನ್ನೆಲ್ಲ ಅಳೆದವಳು ನಾನು, ನನ್ನ ಸುತ್ತ ಟೇಪು ಹಿಡಿಯಲು ಯಾರಿಗೂ ಕೊಟ್ಟಿಲ್ಲ. ಹಳೇ ಅಳತೆ ಬ್ಲೌಸು ಹರವಿಕೊಂಡು ನನ್ನದನ್ನು ಹೊಲಿದುಕೊಳ್ಳುತ್ತ ಬಂದವಳು. ಅವಳು ಅನುಮಾನದಿಂದ ನೋಡಿದಳು, ಆಮೇಲೆ ನನ್ನ ಸೊಂಟ ಬಳಸಿ ಟೇಪು ತಂದಳು. ಅವಳ ಕೈ ನನ್ನ ಬೆನ್ನ ಹಿಂದೆ ಒಂದಕ್ಕೊಂದು ಸಿಗಲು ಅವಳು ನನ್ನನ್ನು ಅಪ್ಪಿಕೊಂಡೇ ನಿಲ್ಲಬೇಕಾಯಿತು. ಅವಳ ಪಕ್ಕೆಲುಬು ನನ್ನ ಮೈಗೆ ಒತ್ತಿತು, ಒಂದೊಂದೂ ಎಣಿಸುವ ಹಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ನಲವತ್ತಾರು" ಎಂದಳು ಮೆಲ್ಲಗೆ.

"ಹೌದು. ನಲವತ್ತಾರು. ಎಂತಕ್ಕೆ ಹೇಳಿ ಯಂಗೂ ಗೊತ್ತಿಲ್ಲೆ, ಡಾಕ್ಟ್ರಿಗೂ ಗೊತ್ತಿಲ್ಲೆ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. "ಯಂದು ಹೇಳಿ ಆತು. ಈಗ ನೀ ಹೇಳು. ನಿನ್ನೆಯಿಂದ ಎಂತ ತಿಂದೆ? ಬೈತ್ನಿಲ್ಲೆ."

ಅವಳು ಟೇಪನ್ನು ಬೆರಳಿಗೆ ಸುತ್ತಿದಳು. "ಕಷಾಯ ಲೆಕ್ಕಕ್ಕೆ ಇದ್ದ?"

"ಇದ್ದು."

"ಹಂಗಾರೆ ಅರ್ಧ ಲೋಟ ಕಷಾಯ."

"ಮತ್ತೆ?"

"ಅಷ್ಟೇ."

ಎರಡು ದಿನಕ್ಕೆ ಅಷ್ಟೇ. ನಾನು ಬೈಯಲಿಲ್ಲ. ಊಟದ ವಿಷಯದಲ್ಲಿ ಎಷ್ಟೋ ತಿಂಗಳಿಗೆ ಅವಳು ನನಗೆ ಹೇಳಿದ ಮೊದಲ ನಿಜ ಅದು. ಕೈಗೆ ಏನಾದರೂ ಕೆಲಸ ಬೇಕಿತ್ತು. ಬಾಗಿಲ ಹಿಂದಿನ ಚಿಂದಿ ಚೀಲವನ್ನು ನೆಲಕ್ಕೆ ಸುರಿದು ಕೂತು ಹುಡುಕಿದೆ. ಹಸಿರು, ಹಳದಿ, ಕೆಂಪು ಚೂರುಗಳ ಕೆಳಗೆ ದೀಪಾವಳಿಯ ನಂತರ ಕತ್ತರಿಸಿ ಎಸೆದ ಯೂನಿಫಾರ್ಮಿನ ಎರಡು ನೀಲಿ ಪಟ್ಟಿಗಳು ಸಿಕ್ಕವು, ಮುದುರಿಕೊಂಡು, ನೂಲು ಬಿಟ್ಟುಕೊಂಡು. ಅವನ್ನು ತೊಡೆಯ ಮೇಲೆ ಇಟ್ಟು ಅಂಗೈಯಲ್ಲಿ ಉಜ್ಜಿ ನೇರ ಮಾಡಿದೆ.

ಮಗಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಅದನ್ನ ವಾಪಸ್ ಹಚ್ಚಲ್ಲೆ ಬತ್ತಾ?"

"ಬತ್ತು. ಒಳಬದಿಗೆ ಜೋಡಿಸಿದ್ರೆ ಹೊರಗೆ ಕಾಣ್ತಿಲ್ಲೆ. ಆದ್ರೆ ನೀ ಬ್ಯಾಡ ಅಂದ್ರೆ ಹಚ್ತ್ನಿಲ್ಲೆ."

ಅವಳು ಒಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಅಂಚಿನಿಂದ ಅಂಚಿಗೆ ಟೇಪು ಹಿಡಿದು ನೋಡಿದಳು. ಎರಡು ಇಂಚಿಗೆ ಒಂದು ಗೆರೆ ಕಡಿಮೆ ಇತ್ತು.

"ಹಚ್ಚು ಆಯಿ" ಎಂದಳು. "ಪೂರ್ತಿ ಹಚ್ಚು."